28 ತಪ್ಪು, 76 ಪೆಟ್ಟು



ಮನೆಯಲ್ಲಿ ಒಂದು ಕೆಲಸ ಕೆಟ್ಟಾಗ ನಾವು ಮೊದಲು ಹುಡುಕುವುದು ಕಾರಣವನ್ನಲ್ಲ, ಹೊಣೆ ಹೊರಿಸಲು ಒಬ್ಬ ವ್ಯಕ್ತಿಯನ್ನು. ಸಾರಿಗೆ ಉಪ್ಪು ಹೆಚ್ಚಾದರೆ ಎಲ್ಲರ ಕಣ್ಣೂ ಹೊಸದಾಗಿ ಬಂದ ಸೊಸೆಯ ಕಡೆಗೆ ತಿರುಗುತ್ತದೆ. ಅಂಗಡಿಯ ಲೆಕ್ಕ ತಪ್ಪಿದರೆ ಹೋದ ತಿಂಗಳು ತಾನೇ ಗಲ್ಲಾಪೆಟ್ಟಿಗೆಯ ಬಳಿ ಕುಳಿತ ಮಗನ ಕಡೆಗೆ ತಿರುಗುತ್ತದೆ. ಹೊಸಬರ ಮೇಲೆ ಬೆರಳು ತೋರಿಸುವುದು ಸುಲಭ. ಆ ಹೊಸಬರು ಬಿದ್ದಾಗ ಅವರ ಮುಂದೆ ಆಸರೆಯಾಗಿ ನಿಲ್ಲಬೇಕಾದ ನಾವು ಎಲ್ಲಿದ್ದೆವು ಎಂದು ಕೇಳಿಕೊಳ್ಳುವುದು ಕಷ್ಟ.

ಈ ಕಷ್ಟದ ಪ್ರಶ್ನೆಯನ್ನು ಕೇಳಿಕೊಳ್ಳಲು ಅಮೆರಿಕದ ಆಟದ ಮೈದಾನವೊಂದು ನಮಗೆ ನೆರವಾಗುತ್ತದೆ. ಅಲ್ಲಿಯವರು ಫುಟ್‌ಬಾಲ್ ಎಂದು ಕರೆಯುವುದು ನಾವು ಕಾಲಿನಿಂದ ಒದ್ದು ಆಡುವ ಆಟವನ್ನಲ್ಲ. ಎರಡು ತುದಿಯೂ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ ಅದು. ತಂಡಕ್ಕೆ 11 ಮಂದಿ. ಚೆಂಡು ಇರುವ ತಂಡ ನಾಲ್ಕು ಪ್ರಯತ್ನಗಳೊಳಗೆ 10 ಗಜ ಮುಂದೆ ಸಾಗಬೇಕು. ಆಗದಿದ್ದರೆ ಚೆಂಡು ಎದುರಾಳಿಯ ಪಾಲು. ಈ ದಾಳಿಯನ್ನು ನಡೆಸುವವನ ಹೆಸರು ಕ್ವಾರ್ಟರ್‌ಬ್ಯಾಕ್. ಯಾರಿಗೆ, ಯಾವಾಗ ಎಸೆಯಬೇಕು ಎಂದು ಕ್ಷಣಾರ್ಧದಲ್ಲಿ ತೀರ್ಮಾನಿಸುವವನು ಅವನೇ. ಅವನ ಮುಂದೆ ಐದು ಮಂದಿ ದಾಂಡಿಗರು ಗೋಡೆಯಂತೆ ನಿಲ್ಲುತ್ತಾರೆ. ಮೈಮೇಲೆ ಬೀಳಲು ನುಗ್ಗಿ ಬರುವ ಎದುರಾಳಿಗಳನ್ನು ಎರಡು ಮೂರು ಸೆಕೆಂಡು ತಡೆದು, ಅವನಿಗೆ ಯೋಚಿಸಲು ಸಮಯ ಕೊಡುವುದು ಅವರ ಕೆಲಸ.

ಕ್ವಾರ್ಟರ್‌ಬ್ಯಾಕ್‌ಗೆ ಒದಗುವ ಆಪತ್ತು ಮುಖ್ಯವಾಗಿ ಎರಡು. ಅವನು ಎಸೆದ ಚೆಂಡನ್ನು ಎದುರಾಳಿ ಹಿಡಿಯುವುದು ಒಂದು. ಅದು ಬಹುಮಟ್ಟಿಗೆ ಅವನದೇ ಕೈತಪ್ಪು. ಎಸೆಯುವ ಮೊದಲೇ ಎದುರಾಳಿಗಳು ಅವನನ್ನು ಹಿಡಿದು ನೆಲಕ್ಕೆ ಕೆಡವುವುದು ಇನ್ನೊಂದು. ಅದು ಬಹುಮಟ್ಟಿಗೆ ಅವನ ಮುಂದೆ ನಿಂತವರು ಬಿಟ್ಟುಕೊಟ್ಟ ದಾರಿ. ಈ ಎರಡನ್ನೂ ನೆನಪಿನಲ್ಲಿಟ್ಟುಕೊಂಡು ಇಬ್ಬರು ಹುಡುಗರ ಕಥೆ ಕೇಳಿ.

ತಪ್ಪು ಮಾಡಿದ ಹುಡುಗ

ಆ ದೇಶದಲ್ಲಿ ಕಾಲೇಜು ಮುಗಿಸಿದ ಆಟಗಾರರನ್ನು ವೃತ್ತಿಪರ ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಹೆಚ್ಚು ಸೋತ ತಂಡಕ್ಕೆ ಸಾಮಾನ್ಯವಾಗಿ ಮೊದಲ ಆಯ್ಕೆ. ಹೀಗಾಗಿ ಬಹಳ ಸಲ ಅತ್ಯಂತ ಭರವಸೆಯ ಹುಡುಗನೇ ಅತ್ಯಂತ ದುರ್ಬಲ ಮನೆಗೆ ಹೋಗಿ ಸೇರುತ್ತಾನೆ.

1998ರಲ್ಲಿ ಹಾಗೆ ಮೊದಲಿಗನಾಗಿ ಆಯ್ಕೆಯಾದವನು ಪೇಟನ್ ಮ್ಯಾನಿಂಗ್. ವಯಸ್ಸು 22. ತಂದೆ ಆರ್ಚಿ ಮ್ಯಾನಿಂಗ್ ಕೂಡ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಆಗಿದ್ದವರು. ಅಂಥ ಮನೆಯ ಮಗ ಎಂದಮೇಲೆ ನಿರೀಕ್ಷೆ ಎಷ್ಟಿರಬೇಡ! ಅವನನ್ನು ತೆಗೆದುಕೊಂಡ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡ ಹಿಂದಿನ ವರ್ಷ 16 ಪಂದ್ಯಗಳಲ್ಲಿ ಗೆದ್ದಿದ್ದು ಕೇವಲ 3.

ಮೊದಲ ಪಂದ್ಯದಲ್ಲೇ ಅವನ ಮೂರು ಎಸೆತಗಳು ಮಯಾಮಿ ತಂಡದವರ ಕೈಸೇರಿದವು, ಕೋಲ್ಟ್ಸ್ ಸೋತಿತು. ಋತು ಮುಗಿದಾಗ ಮತ್ತೆ ಅದೇ ಲೆಕ್ಕ: 3 ಗೆಲುವು, 13 ಸೋಲು. ಎದುರಾಳಿಗಳ ಕೈಸೇರಿದ ಅವನ ಎಸೆತಗಳು ಒಟ್ಟು 28. ಮೊದಲ ವರ್ಷದ ಆಟಗಾರನೊಬ್ಬ ಮಾಡಿದ ಇಂಥ ತಪ್ಪುಗಳಲ್ಲಿ ಅದು ದಾಖಲೆಯಾಗಿ ಉಳಿದಿದೆ. ಆ ದಾಖಲೆಯನ್ನು ಬೇರೆ ಯಾರಾದರೂ ಮುರಿಯಲಿ ಎಂದು ಮ್ಯಾನಿಂಗ್ ಮುಂದೆ ನಗುತ್ತಾ ಹೇಳಿಕೊಂಡದ್ದುಂಟು.

ಆದರೆ ಆ ವರ್ಷದ ಇನ್ನೊಂದು ಲೆಕ್ಕವನ್ನು ನೋಡಿ. ಇಷ್ಟು ತಪ್ಪು ಮಾಡಿದ ಹುಡುಗನನ್ನು ತರಬೇತುದಾರ ಜಿಮ್ ಮೋರಾ 16 ಪಂದ್ಯಗಳಲ್ಲಿ ಒಂದರಿಂದಲೂ ಹೊರಗಿಡಲಿಲ್ಲ. ಮುಂದೆ ನಿಂತ ಗೋಡೆಯೂ ಗಟ್ಟಿಯಾಗಿತ್ತು. ಇಡೀ ವರ್ಷದಲ್ಲಿ ಅವನು ನೆಲಕ್ಕೆ ಬಿದ್ದದ್ದು 22 ಸಲ ಮಾತ್ರ. ದಾಳಿಯ ಪಾಠ ಹೇಳಿಕೊಟ್ಟ ಟಾಮ್ ಮೂರ್ ಅದೇ ವರ್ಷ ಬಂದು, ಹತ್ತು ವರ್ಷಕ್ಕೂ ಮಿಕ್ಕಿ ಅವನ ಜೊತೆಯಲ್ಲೇ ಉಳಿದರು. ಇಂದು ಒಬ್ಬರು, ನಾಳೆ ಇನ್ನೊಬ್ಬರು ಬಂದು ಬೇರೆ ಬೇರೆ ಬುದ್ಧಿ ಹೇಳುವ ಪಾಡು ಅವನಿಗೆ ಬರಲಿಲ್ಲ.

1999ರಲ್ಲಿ ಏನಾಯಿತು? ಎಡ್ಜರಿನ್ ಜೇಮ್ಸ್ ಎಂಬ ಹೊಸ ಓಟಗಾರ ಬಂದು ದಾಳಿಯ ಭಾರ ಹಂಚಿಕೊಂಡ. ಮ್ಯಾನಿಂಗ್‌ನ ಎಸೆತದಿಂದ ಮೊದಲ ವರ್ಷ 26 ಸಲ ತಂಡಕ್ಕೆ ಪೂರ್ಣ ಅಂಕ ದೊರೆತಿತ್ತು. ಎರಡನೆಯ ವರ್ಷವೂ ಸರಿಯಾಗಿ 26. ತಪ್ಪುಗಳು ಮಾತ್ರ 28ರಿಂದ 15ಕ್ಕೆ ಇಳಿದವು. ತಂಡ 16ರಲ್ಲಿ 13 ಪಂದ್ಯ ಗೆದ್ದಿತು! ಆ ಹುಡುಗ ಕಲಿತ ಮೊದಲ ಪಾಠ ಹೆಚ್ಚು ಗಳಿಸುವುದಲ್ಲ, ಕಡಿಮೆ ಕಳೆದುಕೊಳ್ಳುವುದು. ಆ ಪಾಠವನ್ನು ಬೆಂಚಿನ ಮೇಲೆ ಕುಳಿತು ಕಲಿಯಲಾಗದು. ಮೈದಾನದಲ್ಲಿ ತಪ್ಪು ಮಾಡಿಯೇ ಕಲಿಯಬೇಕು. ಆಮೇಲೂ ದಾರಿ ನೇರವಾಗಿರಲಿಲ್ಲ. ಕೋಲ್ಟ್ಸ್ ತಂಡದೊಡನೆ ಅವನು ದೇಶದ ಚಾಂಪಿಯನ್ ಆದದ್ದು 2007ರ ಫೆಬ್ರವರಿಯಲ್ಲಿ, ಬಂದ ಒಂಬತ್ತನೆಯ ಋತುವಿನ ಕೊನೆಗೆ.

ಪವಿತ್ರ ಗ್ರಂಥದಲ್ಲೂ ಇಂಥ ಒಬ್ಬ ಹುಡುಗನಿದ್ದಾನೆ. ಸಂತ ಪೌಲರು ಮತ್ತು ಬಾರ್ನಬರು ಹೊರಟ ಮೊದಲ ಧರ್ಮಪ್ರಚಾರದ ಪಯಣದಲ್ಲಿ ಯೊವಾನ್ನ ಮಾರ್ಕ ಎಂಬ ಯುವಕ ಸಹಾಯಕನಾಗಿ ಹೋದ. ಪಂಫುಲಿಯದವರೆಗೆ ಹೋದವನು ಅರ್ಧದಲ್ಲೇ ಬಿಟ್ಟು ಜೆರುಸಲೇಮಿಗೆ ಹಿಂದಿರುಗಿದ. ಮುಂದಿನ ಪಯಣಕ್ಕೆ ಅವನನ್ನು ಕರೆದೊಯ್ಯಲು ಪೌಲರು ಒಪ್ಪಲಿಲ್ಲ. ಬಾರ್ನಬರು ಬಿಡಲಿಲ್ಲ. ಮಾತು ಬೆಳೆದು ಇಬ್ಬರು ಪ್ರೇಷಿತರೂ ಬೇರೆ ಬೇರೆ ದಾರಿ ಹಿಡಿಯಬೇಕಾಯಿತು ಎಂಬುದನ್ನು ಪ್ರೇಷಿತರ ಕಾರ್ಯಕಲಾಪಗಳು ಮುಚ್ಚಿಡದೆ ಹೇಳುತ್ತದೆ. ಬಾರ್ನಬರು ಆ ಸೋತ ಹುಡುಗನ ಕೈಹಿಡಿದು ಸೈಪ್ರಸ್ಸಿಗೆ ಹೋದರು. ವರ್ಷಗಳು ಕಳೆದ ಮೇಲೆ ಪೌಲರೇ ತಿಮೊಥೇಯನಿಗೆ ಬರೆದ ಪತ್ರದಲ್ಲಿ, ಮಾರ್ಕನನ್ನು ಜೊತೆಗೆ ಕರೆತಾ, ಅವನಿಂದ ನನಗೆ ನೆರವುಂಟು ಎಂಬ ಅರ್ಥದಲ್ಲಿ ಕೇಳಿಕೊಳ್ಳುತ್ತಾರೆ. ಅವರೇ ಶುಭಸಂದೇಶಕಾರ ಸಂತ ಮಾರ್ಕರು ಎಂಬುದು ಧರ್ಮಸಭೆಯಲ್ಲಿ ಪರಂಪರೆಯಿಂದ ಬಂದ ಮಾತು. ಅಂದು ಬಾರ್ನಬರು ಆ ಹುಡುಗನನ್ನು ಬಿಟ್ಟುಬಿಟ್ಟಿದ್ದರೆ?

ಪೆಟ್ಟು ತಿಂದ ಹುಡುಗ

ಈಗ ಎರಡನೆಯ ಹುಡುಗ. 2002ರಲ್ಲಿ ಹ್ಯೂಸ್ಟನ್ ಟೆಕ್ಸನ್ಸ್ ಎಂಬ ಹೊಚ್ಚ ಹೊಸ ತಂಡ ಆಟಕ್ಕಿಳಿಯಿತು. ಆ ವರ್ಷದ ಮೊದಲ ಆಯ್ಕೆಯಾಗಿ ಅವರು ತಂದದ್ದು ಡೇವಿಡ್ ಕಾರ್ ಎಂಬ ಕ್ವಾರ್ಟರ್‌ಬ್ಯಾಕನ್ನು. ಮೊದಲ ಪಂದ್ಯದಲ್ಲೇ ಪಕ್ಕದ ಡಲ್ಲಾಸ್ ತಂಡವನ್ನು ಸೋಲಿಸಿದಾಗ ಊರೆಲ್ಲ ಹಬ್ಬ.

ಆ ಹಬ್ಬ ಬಹಳ ದಿನ ಉಳಿಯಲಿಲ್ಲ. ಹೊಸ ತಂಡದ ಗೋಡೆ ಇನ್ನೂ ಗಟ್ಟಿಯಾಗಿರಲಿಲ್ಲ. ಆ ಒಂದೇ ಋತುವಿನಲ್ಲಿ ಕಾರ್ 76 ಸಲ ನೆಲಕ್ಕೆ ಬಿದ್ದ. ಪಂದ್ಯವೊಂದಕ್ಕೆ ಸುಮಾರು ಐದು ಸಲ! ಮ್ಯಾನಿಂಗ್‌ನ 22ರ ಪಕ್ಕದಲ್ಲಿ ಈ 76ನ್ನು ಇಟ್ಟು ನೋಡಿ. ಇಷ್ಟು ಸಲ ಕ್ವಾರ್ಟರ್‌ಬ್ಯಾಕ್ ಒಬ್ಬ ಒಂದು ಋತುವಿನಲ್ಲಿ ಬಿದ್ದದ್ದು ಮತ್ತೊಂದಿಲ್ಲ. ಐದು ಋತುಗಳಲ್ಲಿ ಅವನು ಆ ತಂಡಕ್ಕಾಗಿ ಬಿದ್ದದ್ದು ಒಟ್ಟು 249 ಸಲ. 2007ರಲ್ಲಿ ತಂಡ ಅವನನ್ನು ಕೈಬಿಟ್ಟಿತು. ಆಮೇಲೆ ಬೇರೆ ತಂಡಗಳಲ್ಲಿ ಹೆಚ್ಚಾಗಿ ಬದಲಿ ಆಟಗಾರನಾಗಿಯೇ ಅವನ ವರ್ಷಗಳು ಕಳೆದವು.

ಎಲ್ಲ ತಪ್ಪೂ ಮುಂದೆ ನಿಂತ ಐವರದ್ದೇ ಎಂದು ನಾನು ಹೇಳುತ್ತಿಲ್ಲ. ಚೆಂಡನ್ನು ಕೈಯಲ್ಲಿ ಬಹಳ ಹೊತ್ತು ಹಿಡಿದುಕೊಂಡರೂ ಕ್ವಾರ್ಟರ್‌ಬ್ಯಾಕ್ ಬೀಳುತ್ತಾನೆ. ಆದರೆ ಒಂದು ಮಾತು ನಿಜ. ಮತ್ತೆ ಮತ್ತೆ ಪೆಟ್ಟು ತಿಂದವನ ಕಣ್ಣು ಮುಂದಿನ ದಾರಿಯ ಮೇಲೆ ನಿಲ್ಲುವುದಿಲ್ಲ; ಪಕ್ಕದಿಂದ ಬರುವ ಪೆಟ್ಟನ್ನೇ ಕಾಯುತ್ತದೆ. ತಪ್ಪು ಮಾಡಿದವನು ತಪ್ಪಿನಿಂದ ಕಲಿಯಬಲ್ಲ. ಬರೀ ಪೆಟ್ಟು ತಿಂದವನು ಕಲಿಯುವುದು ಹೆದರಿಕೆಯನ್ನು ಮಾತ್ರ.

ನಮ್ಮ ಮನೆಗಳಲ್ಲಿ ಇಂಥ ಮಕ್ಕಳಿಲ್ಲವೇ? ಪಿ.ಯು.ಸಿ.ಯಲ್ಲಿ ಒಂದು ವಿಷಯ ಹೋಯಿತು ಎಂದು, ಬಂದ ನೆಂಟರ ಮುಂದೆಲ್ಲ ತಂದೆಯೇ ಹೇಳಿಕೊಂಡು ಬಂದರೆ ಆ ಹುಡುಗ ಪುಸ್ತಕ ತೆರೆದಾಗ ಅವನಿಗೆ ಕಾಣುವುದು ಅಕ್ಷರವಲ್ಲ, ಅಪ್ಪನ ಮುಖ. ಅಡುಗೆ ಕೆಟ್ಟ ದಿನ ಅತಿಥಿಗಳ ಎದುರು, “ನಾನು ಮೊದಲೇ ಹೇಳಿದ್ದೆ” ಎನ್ನುವ ಅತ್ತೆ ತನ್ನ ಸೊಸೆಯ ಮುಂದಿನ ಗೋಡೆಯಲ್ಲಿ ದಾರಿ ಬಿಟ್ಟುಕೊಟ್ಟಂತೆ. “ಒಲೆಯ ಹತ್ತಿರ ನಾನೂ ಇದ್ದೆನಲ್ಲ, ಇವತ್ತು ಇಬ್ಬರಿಗೂ ಉಪ್ಪಿನ ಅಳತೆ ತಪ್ಪಿತು” ಎಂದು ನಗುವ ಅತ್ತೆ ಆ ಗೋಡೆಯಲ್ಲಿ ತಾನೇ ಕಲ್ಲಾಗಿ ನಿಂತಂತೆ. ಸೊಸೆ ಆ ಮಾತನ್ನು ಸಾಯುವವರೆಗೂ ಮರೆಯುವುದಿಲ್ಲ.

ಬುಡ ಅಗೆದು ಗೊಬ್ಬರ ಹಾಕುವುದು

ದಾರಿ ಬಿಟ್ಟುಕೊಟ್ಟ ಹಿರಿಯರಿಗೆ ತಿದ್ದಿಕೊಳ್ಳಲು ಅವಕಾಶವಿದೆಯೇ? ಇದೆ. 2024ರಲ್ಲಿ ಶಿಕಾಗೊ ಬೇರ್ಸ್ ತಂಡಕ್ಕೆ ಬಂದ ಕೇಲೆಬ್ ವಿಲಿಯಮ್ಸ್ ಎಂಬ ಹೊಸ ಹುಡುಗ ಮೊದಲ ವರ್ಷವೇ 68 ಸಲ ನೆಲಕ್ಕೆ ಬಿದ್ದ. ತಂಡ 17 ಪಂದ್ಯಗಳಲ್ಲಿ 12 ಸೋತಿತು. ಹುಡುಗನನ್ನು ಬಿಟ್ಟುಬಿಡುವ ಬದಲು ತಂಡದವರು ಅವನ ಸುತ್ತಲಿನದನ್ನು ತಿದ್ದಲು ಹೊರಟರು. ಹೊಸ ತರಬೇತುದಾರರನ್ನು ಕರೆತಂದರು. ಗೋಡೆಯ ನಡುಭಾಗಕ್ಕೆ ಮೂವರು ಅನುಭವಿಗಳನ್ನು ಹೊಸದಾಗಿ ನಿಲ್ಲಿಸಿದರು. 2025ರಲ್ಲಿ ಅದೇ ಹುಡುಗ, ಅದೇ ತಂಡ, 11 ಪಂದ್ಯ ಗೆದ್ದು ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆಯಿತು.

ಸಂತ ಲೂಕರ ಶುಭಸಂದೇಶದಲ್ಲಿ ಪ್ರಭು ಯೇಸು ಹೇಳಿದ ಅಂಜೂರದ ಮರದ ಸಾಮತಿ ನೆನಪಾಗುತ್ತದೆ. ಮೂರು ವರ್ಷ ಕಾದರೂ ಹಣ್ಣು ಕಾಣದ ಒಡೆಯ ಮರವನ್ನು ಕಡಿಯಲು ಹೇಳುತ್ತಾನೆ. ತೋಟಗಾರನಾದರೋ ಇನ್ನೊಂದು ವರ್ಷದ ಅವಕಾಶ ಬೇಡುತ್ತಾನೆ. ಗಮನಿಸಿ, ಅವನು ಕೇಳುವುದು ಬರೀ ಸಮಯವನ್ನಲ್ಲ. ತಾನೇ ಬುಡ ಅಗೆದು ಗೊಬ್ಬರ ಹಾಕುತ್ತೇನೆ ಎನ್ನುತ್ತಾನೆ. ಮರಕ್ಕೆ ಸಮಯ ಕೇಳಿದವನು ತನ್ನ ಕೈಗೆ ಕೆಲಸವನ್ನೂ ಕೇಳಿಕೊಂಡ. ‘ಕಾದು ನೋಡೋಣ’ ಎಂದು ಜಗಲಿಯ ಮೇಲೆ ಕುಳಿತುಕೊಳ್ಳುವುದು ತಾಳ್ಮೆಯಲ್ಲ. ಹಾರೆ ಹಿಡಿದು ಕಾಯುವುದು ತಾಳ್ಮೆ.

ಮುಂದೆ ನಿಲ್ಲುವುದು, ಬದಲಿಗೆ ಆಡುವುದಲ್ಲ

ಇಲ್ಲೊಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಮುಂದೆ ನಿಲ್ಲುವ ಆ ಐವರು ಕ್ವಾರ್ಟರ್‌ಬ್ಯಾಕ್‌ನ ಕೈಯಿಂದ ಚೆಂಡನ್ನು ಕಸಿದುಕೊಂಡು ತಾವೇ ಎಸೆಯುವುದಿಲ್ಲ. ಅವನಿಗೆ ಎರಡು ಮೂರು ಸೆಕೆಂಡು ಗಳಿಸಿಕೊಡುತ್ತಾರೆ, ಅಷ್ಟೇ. ಎಸೆತ ಅವನದು, ತಪ್ಪಿದರೆ ತಪ್ಪೂ ಅವನದು. ಮಗನ ಜಗಳಕ್ಕೆಲ್ಲ ತಾವೇ ಹೋಗುವ, ಮಗಳ ಪ್ರತಿ ತೀರ್ಮಾನವನ್ನೂ ತಾವೇ ಮಾಡುವ ತಂದೆತಾಯಿಗಳು ಕಾಯುತ್ತಿರುವುದು ಮಕ್ಕಳನ್ನಲ್ಲ, ತಮ್ಮ ಭಯವನ್ನು.

ಆ ಐವರ ಹೆಸರೂ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಅಂಕಪಟ್ಟಿಯಲ್ಲಿ ಅವರ ಸಾಲು ಖಾಲಿ. ಪಂದ್ಯ ಗೆದ್ದ ಮರುದಿನ ಪತ್ರಿಕೆಯಲ್ಲಿ ಅಚ್ಚಾಗುವುದು ಎಸೆದವನ ಚಿತ್ರ. ಇದನ್ನು ಯೋಚಿಸುವಾಗಲೆಲ್ಲ ನನಗೆ ಸಂತ ಜೋಸೆಫರ ನೆನಪಾಗುತ್ತದೆ. ನಾಲ್ಕು ಶುಭಸಂದೇಶಗಳಲ್ಲಿ ಅವರು ಆಡಿದ ಒಂದು ಮಾತೂ ದಾಖಲಾಗಿಲ್ಲ. ಹೆರೋದನ ಕತ್ತಿ ಹುಡುಕಿ ಬಂದಾಗ ರಾತ್ರೋರಾತ್ರಿ ಎದ್ದು, ತಾಯಿಯನ್ನೂ ಮಗುವನ್ನೂ ಈಜಿಪ್ಟಿಗೆ ಕರೆದೊಯ್ದವರು ಅವರು. ಮಗುವಿಗೆ ಬೆಳೆಯಲು ಬೇಕಾದ ಸಮಯವನ್ನು ಗಳಿಸಿಕೊಟ್ಟರು. ಆಮೇಲೆ ಮೌನವಾಗಿ ಪಕ್ಕಕ್ಕೆ ಸರಿದರು.

ಈ ಸಂಜೆ ಜಪಸರ ಮುಗಿದ ಮೇಲೆ ಮನೆಮಂದಿ ಒಟ್ಟಿಗೆ ಕುಳಿತು ಎರಡು ಪ್ರಶ್ನೆ ಕೇಳಿಕೊಳ್ಳಿ. ನಮ್ಮ ಮನೆಯಲ್ಲಿ ಈಗ ಮೊದಲ ವರ್ಷದ ಕಷ್ಟದಲ್ಲಿರುವವರು ಯಾರು? ಅವರು ಬಿದ್ದದ್ದು ತಮ್ಮ ಕೈತಪ್ಪಿನಿಂದಲೋ, ನಾವು ದಾರಿ ಬಿಟ್ಟುಕೊಟ್ಟದ್ದರಿಂದಲೋ? ಕೈತಪ್ಪಾಗಿದ್ದರೆ ಸಮಯ ಕೊಡೋಣ. ದಾರಿ ಬಿಟ್ಟವರು ನಾವಾಗಿದ್ದರೆ ಕ್ಷಮೆ ಕೇಳೋಣ. ಮಗನ ಬಳಿ ಕ್ಷಮೆ ಕೇಳಿದ ತಂದೆ ಚಿಕ್ಕವನಾಗುವುದಿಲ್ಲ. ನಾಳೆ ಅವನ ಮುಂದೆ ನಿಲ್ಲುವ ಗೋಡೆ ಇನ್ನಷ್ಟು ಗಟ್ಟಿಯಾಗುತ್ತದೆ.

ಪ್ರಭುವೇ, ನಾವು ಬಿದ್ದಾಗಲೆಲ್ಲ ನಮ್ಮ ಮುಂದೆ ನಿಂತವನು ನೀನು. ನಮ್ಮ ಮನೆಯ ಹೊಸಬರ ಮುಂದೆ ನಿಲ್ಲುವ ಬಲವನ್ನೂ, ಸಮಯ ಬಂದಾಗ ಪಕ್ಕಕ್ಕೆ ಸರಿಯುವ ವಿನಯವನ್ನೂ ನಮಗೆ ದಯಪಾಲಿಸು. ಆಮೆನ್.