ನವೆಂಬರಿನ ಬಿಸಿಲು

ನಮ್ಮ ಮನೆ ಬೆಂಗಳೂರಿನ ಹನುಮಂತನಗರದಲ್ಲಿ. ಗವಿ ಗಂಗಾಧರೇಶ್ವರನ ಗುಡಿಗೆ ನಡೆದೇ ಹೋಗಬಹುದು. ಪ್ರತಿ ಸಂಕ್ರಾಂತಿಯ ಸಂಜೆ ಅಮ್ಮನ ಕೈ ಹಿಡಿದು ಅಲ್ಲಿನ ನೂಕುನುಗ್ಗಲಿನಲ್ಲಿ ನಿಂತಿದ್ದೇನೆ. ಐದು ಗಂಟೆ ದಾಟಿದ ಮೇಲೆ ಇಳಿಬಿಸಿಲು ಕಿಟಕಿ ಹಾದು, ನಂದಿಯ ಕೊಂಬುಗಳ ನಡುವೆ ತೂರಿ, ಗವಿಯೊಳಗಿನ ಲಿಂಗವನ್ನು ಮುಟ್ಟುತ್ತದೆ. ಕೆಲವೇ ನಿಮಿಷ. ಸೂರ್ಯ ಉತ್ತರದ ದಾರಿ ಹಿಡಿಯುವಾಗ ಶಿವನ ಅಪ್ಪಣೆ ಕೇಳಲು ಬರುತ್ತಾನೆ ಅನ್ನುವುದು ಅಮ್ಮನ ಮಾತು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21ರ ಆಸುಪಾಸಿನಲ್ಲೇ. ಸುಮಾರು 1,700 ವರ್ಷಗಳ ಹಿಂದೆ ಆ ತಿರುವೂ ಮಕರ ಸಂಕ್ರಮಣವೂ ಒಟ್ಟಿಗೇ ಬರುತ್ತಿದ್ದವು. ಭೂಮಿಯ ಅಕ್ಷ ಬುಗುರಿಯ ಹಾಗೆ ತೂಗುತ್ತದೆ, ಒಂದು ಸುತ್ತಿಗೆ ಹೆಚ್ಚುಕಡಿಮೆ 26,000 ವರ್ಷ. ಅದರಿಂದಾಗಿ ಎರಡೂ ದೂರ ಸರಿದಿವೆ. ಈಗ ಜನವರಿ 14 ಅಂದರೆ ತಿರುವು ಕಳೆದು 24 ದಿನ. ಹಾಗಾದರೆ ತಿರುವಿಗೆ 24 ದಿನ ಮುಂಚೆ, ನವೆಂಬರ್ 27ಕ್ಕೂ, ಬಿಸಿಲು ಅದೇ ಓರೆಯಲ್ಲಿ ಇಳಿಯಲೇಬೇಕಲ್ಲ?

ಒಂದು ವರ್ಷ ಆ ದಿನ ಶಾಲೆ ಬಿಟ್ಟವನೇ ಗುಡಿಗೆ ಹೋದೆ. ನವೆಂಬರಿನಲ್ಲಿ ಆ ಬಿಸಿಲು ಜನವರಿಗಿಂತ ಸುಮಾರು 20 ನಿಮಿಷ ಮೊದಲೇ ಬರುತ್ತದೆಂದು ಲೆಕ್ಕ ಹಾಕಿಕೊಂಡಿದ್ದೆ. ಅಂಗಳದಲ್ಲಿ ಸೂರ್ಯಪಾನವೆಂಬ ದುಂಡು ಕಲ್ಲುಬಿಲ್ಲೆಯ ಬುಡಕ್ಕೆ ಒಂದು ನಾಯಿ ಮಲಗಿತ್ತು. ಒಳಗೆ ಅರ್ಚಕರು, ಹೂವಿನ ಪೊಟ್ಟಣ ಬಿಚ್ಚುತ್ತಿದ್ದ ಒಬ್ಬ ಹೆಂಗಸು, ನಾನು. ನಂದಿಯ ಬೆನ್ನ ಮೇಲೆ ಮೊದಲು ಒಂದು ಚೂರು ಬಿಸಿಲು ಬಿತ್ತು. ಅದು ಹಾಗೇ ಏರಿ ಕೊಂಬುಗಳ ನಡುವೆ ಬಂತು. ಆಮೇಲೆ ಎಣ್ಣೆ, ಹಾಲು ಕುಡಿದು ಕಪ್ಪಾದ ಲಿಂಗ ಒಳಗಿನಿಂದಲೇ ಕಾದ ಹಾಗೆ ಕೆಂಪಗೆ ಹೊಳೆಯಿತು. ಜಾಗಟೆಯಿಲ್ಲ, ಜಯಕಾರವಿಲ್ಲ. ನನ್ನ ಲೆಕ್ಕ ಸರಿಯಾಗಿತ್ತು. ನೋಡುತ್ತೇನೆ, ಕೈ ಆಗಲೇ ಮುಗಿದುಬಿಟ್ಟಿದ್ದೇನೆ.

ಅದು ಚಿಕ್ಕಂದಿನ ರೂಢಿ ಅಂದುಬಿಡಬಹುದು. ನಾನು ಒಪ್ಪುವುದಿಲ್ಲ. ಸಂಕ್ರಾಂತಿಯ ಜಂಗುಳಿಯಲ್ಲಿ ಎಷ್ಟೋ ಸಲ ಬರೀ ರೂಢಿಗೆ ಕೈ ಮುಗಿದದ್ದುಂಟು, ಅದರ ಸಪ್ಪೆ ರುಚಿ ನನಗೆ ಗೊತ್ತು. ಕಾರಣ ತಿಳಿಯದ ಕಡೆ ಮಾತ್ರ ದೇವರನ್ನು ಕೂರಿಸುತ್ತಾ ಹೋದರೆ, ಒಂದೊಂದು ಕಾರಣ ತಿಳಿದಾಗಲೂ ಅವನನ್ನು ಎಬ್ಬಿಸಿ ಕಳಿಸಬೇಕಾಗುತ್ತದೆ. ಅಂದು ಹಾಗಾಗಲಿಲ್ಲ. ಅಷ್ಟು ದೊಡ್ಡ ಭೂಮಿ ಅಷ್ಟು ಕರಾರುವಾಕ್ಕಾಗಿ ತಿರುಗಿ, ನಾನು ನಿಂತಿದ್ದ ಕತ್ತಲ ಗವಿಗೆ ಹೇಳಿದ ಹೊತ್ತಿಗೆ ಬೆಳಕು ತಂದಿತ್ತು. ಲೆಕ್ಕ ಗೊತ್ತಿದ್ದದ್ದರಿಂದಲೇ ಎದೆ ತುಂಬಿ ಬಂತು.

ಮನೆಗೆ ಬಂದಾಗ ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ನೊಂದುಕೊಳ್ಳುತ್ತಾಳೇನೋ ಎಂದು ಅಳುಕುತ್ತಲೇ ಹೇಳಿದೆ.

“ಎರಡು ಸಲ ಬರ್ತಾನಾ!” ಎಂದು ಮುಖ ಅರಳಿಸಿದಳು. “ದಕ್ಷಿಣಕ್ಕೆ ಹೋಗೋವಾಗ್ಲೂ ಹೇಳಿ ಹೋಗ್ತಾನೆ, ವಾಪಸ್ ಬರೋವಾಗ್ಲೂ ಹೇಳಿ ಬರ್ತಾನೆ ಅನ್ನು.” ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: “ಬಂದೇ ಬರತ್ತೆ ಅಂತ ಲೆಕ್ಕದಲ್ಲೇ ಗೊತ್ತಿತ್ತಲ್ಲೋ, ಮತ್ತೆ ನೋಡೋಕೆ ಯಾಕೆ ಹೋದೆ?”

ಪಕ್ಕದಲ್ಲಿ ಕೂತು ನಾನೂ ಒಂದು ಕಟ್ಟು ಸೊಪ್ಪು ಬಿಡಿಸತೊಡಗಿದೆ.

“ಮುಂದಿನ ವರ್ಷ ನನ್ನನ್ನೂ ಕರ್ಕೊಂಡು ಹೋಗು,” ಅಂದಳು.