ನೀರು ಹಿಡಿದು ಮರುಭೂಮಿಗೆ

(ಇಟಗಿಯ ಮಹಾದೇವ ಗುಡಿಯ ಮುಂದಿನ ಪುಷ್ಕರಣಿ. ನಿವೃತ್ತ ಭೂಗೋಳ ಮಾಸ್ತರು ಮತ್ತು ಅವರ ಹಳೆಯ ಶಿಷ್ಯೆ, ಈಗ ಬುಲೆಟ್ ಸವಾರಳು, ಮೆಟ್ಟಿಲ ಮೇಲೆ ನಕ್ಷೆ ಹಾಸಿಕೊಂಡು ಕೂತಿದ್ದಾರೆ.)

ಶಿಷ್ಯೆ: ಹಾದಿ ಗುರುತು ಮಾಡೀನಿ, ನೋಡ್ರಿ ಸರ್. ಇಲ್ಲಿಂದ ಗದಗ, ಬೆಳಗಾವಿ, ಅಂಬೋಲಿ ಘಾಟ್ ಇಳಿದು ಕೊಂಕಣ. ಪೋಲಾದಪುರದಿಂದ ಮತ್ತ ಘಾಟ್ ಏರಿ ಮಹಾಬಳೇಶ್ವರ. ನಾಸಿಕ ದಾಟಿ ಸಾಪುತಾರಾ, ಅಂಬಾಜಿ, ಆಬು. ರಣಕಪುರ ನೋಡಿ ಮುಂದ ಹೋದ್ರ ಜೋಧಪುರದ ಬಯಲು. ಕಡೀಗೆ ಜೈಸಲ್ಮೇರ್, ಅದರಾಚೆ ಸಮ್‌ನ ಮರಳ ದಿಬ್ಬ. ಹೈವೇ ಆದಷ್ಟು ಬಿಟ್ಟೀನಿ.

ಮಾಸ್ತರ: ಯಾಕ ಬಿಟ್ಟಿ? ಕೊಲ್ಹಾಪುರ, ಪುಣೆ ಹಿಡಿದ್ರ ಲಗೂ ಮುಟ್ಟತಿ.

ಶಿಷ್ಯೆ: ಮುಟ್ಟೂದಷ್ಟ ಬೇಕಿದ್ರ ರೈಲಿಗೆ ಹೋಗತಿದ್ದೆ. ಹೈವೇ ಹಾಕಾವ್ರು ಗುಡ್ಡ ಕಡದು, ತಗ್ಗು ತುಂಬಿ, ಊರು ಹೊರಗಿಟ್ಟು ನೆಲಾನ ಸಪಾಟ ಮಾಡ್ಯಾರ. ಹಳೇ ಘಾಟ್ ಹಾದಿ ಹಂಗಲ್ಲ. ಗುಡ್ಡ ಹೆಂಗ ತಿರುಗತೈತಿ ಹಂಗ ತಿರುಗತೈತಿ, ಹಳ್ಳ ಬಂದ್ರ ಇಳೀತೈತಿ. ಗೇರ್ ಬದಲಿಸಿದಾಗೆಲ್ಲ ನೆಲ ಬದಲಾಗಿದ್ದು ಕೈಗೆ ತಿಳೀತೈತಿ.

ಮಾಸ್ತರ: ಒಪ್ಪಿದೆ. ಆದ್ರ ನೀ ಚಂದ ಅನ್ನೂ ಹಾದೀನ ಅಲ್ಲಿ ಬಾಳುವೆ ಮಾಡಾವ್ರು ಏನಂತಾರ?

ಶಿಷ್ಯೆ: ಕೆಟ್ಟ ರಸ್ತೆ ಅಂತಾರ. ಹೆರಿಗಿ ಬ್ಯಾನಿ ಬಂದಾಕಿನ್ನ ದವಾಖಾನಿಗೆ ಒಯ್ಯೂದು ತಡ ಆಗತೈತಿ ಅಂತಾರ.

ಮಾಸ್ತರ: ಹಂಗಾದ್ರ ಅವರ ಕೊರತಿ ನಿನಗ ಚಂದ ಆತಲ್ಲ, ತಂಗೀ?

ಶಿಷ್ಯೆ: ಇಲ್ರಿ. ಅವರಿಗೆ ಚಲೋ ಡಾಂಬರು ಬೀಳಲಿ, ಬಸ್ಸೂ ಆಂಬುಲೆನ್ಸೂ ಬರಲಿ. ಅದರಿಂದ ನನ್ನ ಸವಾರಿ ಕೆಡೂದಿಲ್ಲ. ನನಗ ಬೇಕಾದದ್ದು ತಿರುವು, ತಗ್ಗುಗುಂಡಿ ಅಲ್ಲ. ಗುಂಡಿ ಯಾರಿಗೂ ಚಂದ ಅಲ್ಲ. ಅದನ್ನ ಚಂದ ಅನ್ನಾವ್ರು ಆ ಊರಾಗ ಒಂದು ಮಳಿಗಾಲ ಇದ್ದು ನೋಡಬೇಕು.

ಮಾಸ್ತರ: ಚಲೋ ಹೇಳಿದಿ. ಹಂಗಾದ್ರ ಆ ಚಂದ ಎಲ್ಲೈತಿ? ಗುಡ್ಡದಾಗೋ, ನೋಡೂ ಕಣ್ಣಾಗೋ? ದಿನಾ ಅಂಬೋಲಿ ಘಾಟಿನಾಗ ಬಸ್ ಹೊಡಿಯಾವಂಗ ಅದು ಕಾಣಲಿಕ್ಕಿಲ್ಲ.

ಶಿಷ್ಯೆ: ಕಾಣೂದಿಲ್ಲ ಅಂತ ನಾವ್ಯಾಕ ಅನ್ನೂನ್ರಿ? ಮಂಜು ಯಾವ ತಿರುವಿನಾಗ ಕುಂದರತೈತಿ, ಮಳ್ಯಾಗ ಎಲ್ಲಿ ಮಣ್ಣು ಕುಸೀತೈತಿ, ಅವಂಗ ಗೊತ್ತು. ಒಂದ ಸಲ ಹಾದು ಹೋಗೂ ನನಗ ಗೊತ್ತಿಲ್ಲ. ಚಂದ ನೆಲದಾಗೂ ಐತಿ, ಕಣ್ಣಾಗೂ ಐತಿ. ಕಣ್ಣಿಗೆ ತಿಳುವಳಿಕಿ ಕೂಡಿದಷ್ಟು ನೆಲ ಹೆಚ್ಚು ಕಾಣತೈತಿ.

ಮಾಸ್ತರ: ಹಂಗಾದ್ರ ತಿಳುವಳಿಕಿಗೇ ಬರೂನು. ಗುಡ್ಡ ದಾಟಿ ಮರುಭೂಮಿಗೆ ಅಂತಿ, ಎರಡೂ ಬ್ಯಾರೆ ಬ್ಯಾರೆ ಅನ್ನೂವಂಗ. ನನ್ನ ಲೆಕ್ಕದಾಗ ಗುಡ್ಡಾನ ಒಣನೆಲಾನ ಹುಟ್ಟಸತೈತಿ. ಅರಬ್ಬಿ ಸಮುದ್ರದ ಗಾಳಿ ಸಹ್ಯಾದ್ರಿಗೆ ಬಡದು, ಮ್ಯಾಲೇರಿ, ತಂಪಾಗಿ, ಅಲ್ಲೇ ಸುರದು ಬಿಡತೈತಿ. ಆಗುಂಬೆಗೆ ವರ್ಷಕ್ಕ 7,000 ಮಿಲಿಮೀಟರಿಗೂ ಹೆಚ್ಚು ಮಳಿ. ಈ ಕಡೆ ಇಳಿಯೂ ಗಾಳ್ಯಾಗ ಉಳಿಯೂದು ಕಡಿಮಿ. ನಮ್ಮ ಕೊಪ್ಪಳ ಸೀಮಿಗೆ 600ರ ಆಸುಪಾಸು. ಅಲ್ಲಿ ಅರಾವಳಿ ಥಾರ್‌ಗೆ ಮಾಡಿದ್ದೂ ಇದ.

ಶಿಷ್ಯೆ: ಅಲ್ಲಿ ಲೆಕ್ಕ ಬ್ಯಾರೆ ಐತ್ರಿ ಸರ್. ಅರಾವಳಿ ನೈರುತ್ಯದಿಂದ ಈಶಾನ್ಯಕ್ಕ ಹಬ್ಬೈತಿ. ಅರಬ್ಬಿ ಸಮುದ್ರದ ಮುಂಗಾರು ಗಾಳಿ ಬೀಸೂದೂ ಅದ ದಿಕ್ಕಿಗೆ. ಅಡ್ಡ ನಿಲ್ಲೂ ಗುಡ್ಡ ಇಲ್ಲದ್ದಕ್ಕ ಗಾಳಿ ಬಗಲಿಂದ ಹಾದು ಹೋಗತೈತಿ. ಆಬುವಿನ ಗುರುಶಿಖರ 1,722 ಮೀಟರ್ ಎತ್ತರ ಇದ್ದು ತನ್ನ ಸುತ್ತ ಹಸಿರು ಉಳಿಸಿಕೊಂಡೈತಿ. ಜೈಸಲ್ಮೇರಿಗೆ ಮಾತ್ರ ವರ್ಷಕ್ಕ 200 ಮಿಲಿಮೀಟರ್ ಮುಟ್ಟೂದ ಕಷ್ಟ. ನಮಗ ಗುಡ್ಡ ಅಡ್ಡ ನಿಂತದ್ದಕ್ಕ ಮಳಿ ಕಡಿಮಿ, ಅವರಿಗೆ ಅಡ್ಡ ನಿಲ್ಲದ್ದಕ್ಕ ಕಡಿಮಿ.

ಮಾಸ್ತರ: ಖರೆ. ಒಂದ ಫಲಕ್ಕ ಎರಡು ಕಾರಣ. ಪುಸ್ತಕದಾಗ ಇದು ಎರಡು ಸಾಲು. ಗಾಡಿ ಮ್ಯಾಲ ಕುಂತಾಕಿಗೆ ಇಡೀ ಹಾದಿ. ಹಂಗಾದ್ರ ಎಲ್ಲೆಲ್ಲಿ ನಿಲ್ಲಬೇಕು ಅನ್ನೂದನ್ನ ಯಾವುದು ಹಿಡಿದು ಗೊತ್ತು ಮಾಡತಿ?

ಶಿಷ್ಯೆ: ನೀರು ಹಿಡಿದ್ರಿ. ಅಂಬೋಲಿ ಜಲಪಾತದಾಗ ಅದು ಚೆಲ್ಲಿ ಹೋಗತೈತಿ. ಮಹಾಬಳೇಶ್ವರದಾಗ ಕೃಷ್ಣೆ ಹುಟ್ಟತಾಳ. ಆ ನೀರ ಆಲಮಟ್ಟಿಗೆ ಬರೂದು. ನಡುವ ನರ್ಮದೆ ದಾಟಬೇಕು. ಕಡೀಗೆ ಜೈಸಲ್ಮೇರಿನ ಗಡೀಸರ್ ಕೆರಿ: ಬಿದ್ದಷ್ಟು ಮಳಿ ಹಿಡಿದಿಟ್ಟು ಊರಿಗೆ ಊರ ಬದುಕಿದ ಜಾಗಾ.

ಮಾಸ್ತರ: ಮೊದಲನೇ ನಿಲುಗಡಿ ಬಿಟ್ಟಿ. ಈ ಹೊಂಡ. 1112ರಾಗ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಈ ಗುಡಿ ಕಟ್ಟಿಸಿದ. ಶಾಸನ ಇದನ್ನ ‘ದೇವಾಲಯ ಚಕ್ರವರ್ತಿ’ ಅಂದೈತಿ. 1156ರಾಗ ರಾವಲ್ ಜೈಸಲ್ ಆ ಜೈಸಲ್ಮೇರ್ ಊರು ಕಟ್ಟಿದ. ನಡುವ ಬರೇ 44 ವರ್ಷ. ಒಬ್ಬರ ಗಾಳಿ ಒಬ್ಬರಿಗೆ ಗೊತ್ತಿರಲಿಲ್ಲ, ಆದ್ರ ಎರಡೂ ಕಡೆ ಮಂದಿ ಮೆಟ್ಟಿಲು ಕಟ್ಟಿ ನೀರಿಗೆ ಇಳಿದ್ರು. ದೇವರ ಮುಂದ ನೀರು ಇಟ್ಟವರಿಗೆ ನೀರು ಎಷ್ಟು ದೊಡ್ಡದು ಅಂತ ತಿಳಿದಿತ್ತು.

ಶಿಷ್ಯೆ: ಹಂಗಾದ್ರ ಇದನ್ನ ನಕ್ಷೆದಾಗ ಮೊದಲನೇ ಚುಕ್ಕಿ ಮಾಡತೀನ್ರಿ. ಹೊರಡೂದು ನವೆಂಬರಿನಾಗ. ಘಾಟಿನಾಗ ಮಳಿ ನಿಂತಿರತೈತಿ, ಥಾರ್‌ನಾಗ ಬಿಸಿಲು ತಾಳೂವಂಗ ಇರತೈತಿ. ದಿನಕ್ಕ 250 ಕಿಲೋಮೀಟರಿನ ಒಳಗ. ಹೊತ್ತು ಮುಳುಗಿದ ಮ್ಯಾಲ ಗಾಡಿ ಹೊಡಿಯೂದಿಲ್ಲ. ಆ ಕಡೆ ದನ, ನೀಲಗಾಯಿ, ಒಂಟಿ ರಸ್ತೆಗೆ ಅಡ್ಡ ಬರತಾವ. ಪೆಟ್ರೋಲ್ ಬಂಕ್ ಕಂಡಲ್ಲಿ ಟಾಕಿ ತುಂಬೂದು, ಮರಳಾಗ ಟೈರಿನ ಗಾಳಿ ಸ್ವಲ್ಪ ಇಳಸೂದು. ನಾಕು ದಿನಕ್ಕೊಂದು ದಿನ ಖಾಲಿ.

ಮಾಸ್ತರ: ಖಾಲಿ ದಿನ ಯಾಕ?

ಶಿಷ್ಯೆ: ಹಾದಿ ಮುಂಚೇನ ಪೂರಾ ಗೊತ್ತಾದ್ರ, ದಾರ್ಯಾಗ ಯಾರಾದ್ರೂ ಕೂಡ್ರು ಅಂದಾಗ ಕೂಡಾಕ ಆಗೂದಿಲ್ರಿ.

ಮಾಸ್ತರ: ಅಂಥ ಹೊತ್ತಿನಾಗ ಒಂದು ಕೇಳು: ನಿಮ್ಮೂರಿಗೆ ನೀರು ಎಲ್ಲಿಂದ ಬರತೈತಿ? ಒಳಹಾದಿ ಹಿಡಿಯೂ ಸವಾರರೆಲ್ಲ ಇದನ್ನ ಕೇಳಿ ಮುಂದ ಹೋಗಬೇಕು. ಆ ಉತ್ತರದಾಗ ಗುಡ್ಡ, ಗಾಳಿ, ದುಡಿಮಿ ಎಲ್ಲಾ ಇರತೈತಿ. ಕೇಳದ ಹಾದು ಹೋದ್ರ ಹೈವೇ ಹಿಡಿದವ್ರಿಗೂ ನಿಮಗೂ ಏನೂ ಫರಕಿಲ್ಲ.