ನೀವ ಹೇಳ್ರಿ ಅಕ್ಕೋರ

"ಆಟ ಆಡೂದು ಕಲಿಯಾಕ ನಾಕ್ ವರ್ಷ ಕಾಲೇಜಿಗೆ ಹೋಗಬೇಕೇನ್ರಿ ಅಕ್ಕೋರ?"

2025ರ ಮೇ ತಿಂಗಳ ಒಂದು ಸಂಜೆ ಇಂಡಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಆ ತಾಯಿ ಕೇಳಿದ ಮಾತಿದು. ಪಕ್ಕದಲ್ಲಿ ಗಂಡ, ಅವರ ಹಿಂದೆ ತಲೆತಗ್ಗಿಸಿ ನಿಂತ ಮಗಳು. ಎರಡು ಎಕರೆ ಲಿಂಬಿ ತೋಟದ ಸಂಸಾರ. ಬರುವಾಗ ಒಂದು ಚೀಲ ಲಿಂಬಿ ಹಣ್ಣು ತಂದಿದ್ದರು. ಹುಡುಗಿ ಹತ್ತನೆಯ ಇಯತ್ತೆಯವರೆಗೆ ನನ್ನ ಹತ್ತಿರವೇ ಕನ್ನಡ ಓದಿದವಳು. ಪಿಯುಸಿ ಸೈನ್ಸ್ ಮುಗಿಸಿ, ಈಗ ಗೇಮ್ ಮಾಡುವುದನ್ನು, ಅದರ ಪ್ರೋಗ್ರಾಮಿಂಗ್ ಓದುತ್ತೇನೆಂದು ಹಟ ಹಿಡಿದಿದ್ದಳು.

ತಂದೆ ಒಂದು ಬಣ್ಣದ ಪುಸ್ತಿಕೆ ನನ್ನ ಕೈಗಿಟ್ಟರು. ಬೆಂಗಳೂರಿನ ಒಂದು ಕಾಲೇಜಿನದು. ಯಾರೋ ಏಜೆಂಟ ತಂದುಕೊಟ್ಟಿದ್ದನಂತೆ. ಹೊಳೆಯುವ ಕಾಗದ, ನಗುವ ಮಕ್ಕಳು, ಕತ್ತಿ ಹಿಡಿದ ವೀರರು. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಫೀ. ಒಂದು ವರ್ಷದ ಫೀ ಅವರ ತೋಟದ ಎರಡು ವರ್ಷದ ಉತ್ಪನ್ನಕ್ಕಿಂತ ಹೆಚ್ಚಿತ್ತು.

"ಒಂದ ಎಕರೆ ಒತ್ತಿ ಹಾಕತೀನ್ರಿ," ಎಂದರು ಅವರು. "ನಮಗೇನ ತಿಳೀತದ? ನೀವ ಹೇಳ್ರಿ ಅಕ್ಕೋರ. ನೀವ ಹ್ಞೂಂ ಅಂದ್ರ ಸಾಕು."

ನನ್ನ ಎದೆ ಝಲ್ಲೆಂದಿತು. ನಾನು ಬಿ.ಎ., ಬಿ.ಎಡ್. ಮಾಡಿದವಳು. ಕನ್ನಡ, ಇತಿಹಾಸ ಕಲಿಸುತ್ತೇನೆ. ಕಂಪ್ಯೂಟರಿನಲ್ಲಿ ಅಂಕಪಟ್ಟಿ ತುಂಬಲಿಕ್ಕೂ ಕಿರಿಯ ಶಿಕ್ಷಕರನ್ನು ಕರೆಯುವವಳು. ಆದರೂ ನಮ್ಮ ಊರುಗಳಲ್ಲಿ ಶಾಲೆಯ ಅಕ್ಕೋರು ಹ್ಞೂಂ ಎಂದರೆ ಒಂದು ಎಕರೆ ಹೊಲ ಅಲ್ಲಾಡಿಬಿಡುತ್ತದೆ. ಹುಟ್ಟಿದ್ದು ಮುದ್ದೇಬಿಹಾಳ, ಕೊಟ್ಟ ಮನೆ ಸಿಂದಗಿ, 1996ರಲ್ಲಿ ಮೊದಲ ನೌಕರಿ ಬಸವನ ಬಾಗೇವಾಡಿ, ಈಗ ಇಂಡಿ. ಈ ನಾಲ್ಕೂ ಕಡೆ ನಾನು ಕಂಡದ್ದು ಇದನ್ನೇ. ನಮಗೆ ಗೊತ್ತಿಲ್ಲದ ದಾರಿಯನ್ನು ಜನ ನಮ್ಮನ್ನೇ ಕೇಳುತ್ತಾರೆ. ಹೆರವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರು ಎಂಬ ಗಾದೆ ಅಂಥ ಹೊತ್ತಿನಲ್ಲಿ ನನಗೆ ನೆನಪಾಗುತ್ತದೆ. ಯಾಕೆಂದರೆ ಒಮ್ಮೆ ನಾನು ಹಾಗೆ ಆಳ ನೋಡಿದವಳು.

2009ರ ಮಾತು. ಬಸವನ ಬಾಗೇವಾಡಿಯಲ್ಲಿದ್ದಾಗ ಚಿತ್ರ ತೆಗೆಯುವುದರಲ್ಲಿ ಬಲು ಜಾಣನಾದ ಹುಡುಗನೊಬ್ಬನಿದ್ದ. ಆಗ ಅನಿಮೇಶನ್ ಎಂಬ ಮಾತು ಹೊಸದಾಗಿ ನಮ್ಮ ಕಡೆ ಬಂದಿತ್ತು. ಅವನ ತಾಯಿ ಇದೇ ರೀತಿ ಒಂದು ಪುಸ್ತಿಕೆ ಹಿಡಿದು ಬಂದಳು. ನಾನು ಎರಡು ಪುಟ ತಿರುವಿ, "ಕಳಸ್ರಿ, ಛಲೋ ಆಗ್ತದ" ಎಂದೆ. ಅಷ್ಟೇ. ಆ ಸಂಸ್ಥೆಯನ್ನು ನಾನು ನೋಡಿರಲಿಲ್ಲ, ಕಲಿಸುವವರು ಯಾರೆಂದು ಕೇಳಿರಲಿಲ್ಲ, ಕೊಡುವ ಸರ್ಟಿಫಿಕೇಟಿಗೆ ಯಾವ ವಿಶ್ವವಿದ್ಯಾಲಯದ ಮುದ್ರೆಯಿದೆಯೆಂದೂ ವಿಚಾರಿಸಿರಲಿಲ್ಲ. ತಾಯಿ ಕೈಯ ಪಾಟಲಿ ಮಾರಿದಳು. ಒಂದೂವರೆ ವರ್ಷದಲ್ಲಿ ಆ ಸಂಸ್ಥೆ ಬಾಗಿಲು ಹಾಕಿತು. ಹುಡುಗ ಊರಿಗೆ ಬಂದು ಅಂಗಡಿಗಳ ಫಲಕ ಬರೆಯುತ್ತ ಕುಳಿತ.

ಶ್ರಾವಣದಲ್ಲಿ ಮೂಲ ನಂದೀಶ್ವರನ ಜಾತ್ರೆಗೆ ಹೋದಾಗ ಆ ತಾಯಿ ಎದುರಾದಳು. ನಾನು ಮುಖ ತಪ್ಪಿಸಲು ನೋಡಿದೆ. ಅವಳೇ ಬಂದು ಕೈ ಹಿಡಿದು, "ನಿಮ್ಮದೇನ ತಪ್ಪದ ಅಕ್ಕೋರ? ನೀವ ಒಳ್ಳೇದಕ್ಕ ಹೇಳಿದ್ರಿ" ಎಂದಳು. ಬೈದಿದ್ದರೆ ಹಗುರಾಗುತ್ತಿದ್ದೆ. ಆ ಬರಿಗೈ ನನ್ನ ಕೈಯನ್ನು ಹಿಡಿದದ್ದು ಇವತ್ತಿಗೂ ಮರೆತಿಲ್ಲ.

ಅಂದಿನಿಂದ ನಾನು ಜಾಣಳಾದೆ. ಯಾರು ಏನೇ ಕೇಳಲಿ, "ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ" ಎನ್ನತೊಡಗಿದೆ. ಪಾಪವಿಲ್ಲ, ಪುಣ್ಯವಿಲ್ಲ ಎಂದುಕೊಂಡಿದ್ದೆ. ಮುಂದೆ ಮುದ್ದೇಬಿಹಾಳದಲ್ಲಿದ್ದಾಗ, ಗಣಿತದಲ್ಲಿ ನೂರಕ್ಕೆ ನೂರು ತೆಗೆದ ಹುಡುಗಿಯ ತಂದೆ ಸೈನ್ಸಿಗೆ ಹಾಕಲೋ ಬೇಡವೋ ಎಂದು ಕೇಳಿದಾಗಲೂ ಅದನ್ನೇ ಹೇಳಿದೆ. ಅವರ ಮನಸ್ಸಿಗೆ ಬಂದದ್ದು ಮದುವೆ. ಆಕೆಯ ಲಗ್ನದ ಊಟ ಉಂಡು ಬಂದ ರಾತ್ರಿ ನನಗೆ ಹೊಳೆಯಿತು: ಬಾಯಿ ಮುಚ್ಚಿಕೊಂಡರೂ ಒಂದು ಮಾತು ಹೇಳಿದಂತೆಯೇ. ಗೊತ್ತಿಲ್ಲದೆ ಹ್ಞೂಂ ಎಂದದ್ದು ಒಂದು ತಪ್ಪು. ಗೊತ್ತಿಲ್ಲವೆಂದು ಕೈ ತೊಳೆದುಕೊಂಡದ್ದು ಇನ್ನೊಂದು. ಹಾಗಾದರೆ ನಂಬಿ ಕೇಳಿದವರಿಗೆ ನಾವು ಕೊಡಬೇಕಾದದ್ದೇನು? ಮೇ ತಿಂಗಳ ಆ ಸಂಜೆ ನನ್ನ ಮುಂದಿದ್ದ ಪ್ರಶ್ನೆ ಕಾಲೇಜಿನದಷ್ಟೇ ಅಲ್ಲ, ಇದೂ ಆಗಿತ್ತು.

ಮೊದಲು ಹುಡುಗಿಯನ್ನೇ ಕೂರಿಸಿ ಕೇಳಿದೆ, ನೀನು ಕಲಿಯಬೇಕೆಂದಿರುವುದು ಏನು, ನನಗೆ ತಿಳಿಯುವ ಹಾಗೆ ಹೇಳು ಎಂದು. ಅವಳು ಒಂದು ಲಿಂಬಿ ಹಣ್ಣು ಮೇಲಕ್ಕೆಸೆದು ಹಿಡಿದಳು. "ಇದು ತೆರೆ ಮ್ಯಾಲ ಆಗಬೇಕಂದ್ರ, ಒಂದು ಸೆಕೆಂಡಿನ್ಯಾಗ ಅರವತ್ತು ಸಲ ಹಣ್ಣು ಎಲ್ಲಿ ಅದ ಅಂತ ಲೆಕ್ಕಾ ಮಾಡಿ, ಅಷ್ಟೂ ಸಲ ಚಿತ್ರ ಅಳಿಸಿ ಮತ್ತ ತೆಗೀಬೇಕ್ರಿ ಟೀಚರ್. ನಾವು ಪಿಯುಸಿ ಒಳಗ ಓದಿದ ವೆಕ್ಟರ್, ಮ್ಯಾಟ್ರಿಕ್ಸ್, ಸೈನ್ ಥೀಟಾ ಎಲ್ಲಾ ಅದಕ್ಕ ಬೇಕು." ಆಟ ಆಡುವುದಲ್ಲ, ಆಟವನ್ನು ಕಟ್ಟುವುದು. ಅದರೊಳಗೆ ಗಣಿತ, ಚಿತ್ರ, ಸಂಗೀತ, ಕಥೆ ಎಲ್ಲ ಇದೆ. ಅವಳಿಗೆ ಬೇಕಾದದ್ದು ಗಣಿತ ಮತ್ತು ಪ್ರೋಗ್ರಾಮಿಂಗ್.

ತಾಯಿಗೆ ಸಮಾಧಾನವಾಗಲಿಲ್ಲ. "ಅದೂ ಒಂದು ಕೆಲಸೇನ್ರಿ? ಮಂದೀನ ಆಟಕ್ಕ ಹಚ್ಚೂದು?" ಎಂದಳು. ಅವಳ ತವರಿನ ಕಡೆ ಒಬ್ಬ ಹುಡುಗ ಮೊಬೈಲಿನ ರಮ್ಮಿಯಲ್ಲಿ ಟ್ರ್ಯಾಕ್ಟರಿನ ಕಂತಿನ ಹಣ ಕಳೆದಿದ್ದನಂತೆ. ಗೇಮ್ ಎಂದರೆ ಅವಳಿಗೆ ಅದೇ.

ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಿಲ್ಲ. ಬಸವಣ್ಣನವರು ಹುಟ್ಟಿದ ನೆಲದವರು ನಾವು. ಯಾವುದು ಕಾಯಕ, ಯಾವುದು ಅಲ್ಲ ಎಂದು ಕೇಳುವುದು ನಮಗೆ ರೂಢಿ. ಆದರೆ ಶರಣರ ಸಾಲಿನಲ್ಲಿ ನಗೆಯ ಮಾರಿತಂದೆ ಇದ್ದಾನೆ. ಜನರನ್ನು ನಗಿಸುವುದೇ ಅವನ ಕಾಯಕ. ವೇಷ ಕಟ್ಟಿ ಆಡಿ ತೋರಿಸುವ ಬಹುರೂಪಿ ಚೌಡಯ್ಯ ಇದ್ದಾನೆ. ದಣಿದ ಜೀವಕ್ಕೆ ಒಂದು ಗಳಿಗೆ ನಗು ಕೊಡುವವರನ್ನು ಅವರು ಹೊರಗಿಡಲಿಲ್ಲ. ಹಾಗೆಂದು ಎಲ್ಲ ಆಟವೂ ಕಾಯಕವಾಗುವುದಿಲ್ಲ. ಎದುರಿಗಿದ್ದವನ ಗಂಟು ಬಿಚ್ಚಿಸುವುದಕ್ಕೇ ಮಾಡಿದ ಆಟ ಬೇರೆ. ಅದೇ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು ಮಾಡಿತು. ಆ ಸಂಜೆ ಆ ಕಾನೂನು ಇನ್ನೂ ಇರಲಿಲ್ಲ, ನಾನು ಹೇಳಿದ್ದು ಇಷ್ಟೇ: "ತಂಗಿ, ಚಾಕು ಮಾಡುವ ಕಮ್ಮಾರನಿಗೆ ಯಾರ ಸಲುವಾಗಿ ಮಾಡತೀಯೋ ಅಂತ ಕೇಳಬೇಕಾಗ್ತದ. ನಿನ್ನ ಮಗಳಿಗೂ ಜೀವನಪೂರ್ತಿ ಅದನ್ನ ಕೇಳು. ಆದರ ಚಾಕು ಮಾಡೂದ ಬ್ಯಾಡ ಅನಬ್ಯಾಡ."

ಆಮೇಲೆ ಹೊಲದ ಮಾತು. ವಿಜಯಪುರದಲ್ಲಿ ಡಾ. ಫ.ಗು. ಹಳಕಟ್ಟಿಯವರ ಹೆಸರಿನ ಇಂಜಿನಿಯರಿಂಗ್ ಕಾಲೇಜಿದೆ, 1980ರಲ್ಲಿ ಪ್ರಾರಂಭವಾದದ್ದು. ವಚನಗಳನ್ನು ಅಚ್ಚು ಹಾಕಿಸಬೇಕೆಂಬ ಹಂಬಲಕ್ಕೆ ಇದ್ದ ಮನೆಯನ್ನೇ ಮಾರಿ ಮುದ್ರಣಾಲಯ ಹಾಕಿದ ಪುಣ್ಯಾತ್ಮರು ಅವರು. ಕನಸಿಗಾಗಿ ಆಸ್ತಿ ಕಳೆಯಬಾರದು ಎನ್ನಲು ನಮಗೆ ಬಾಯಿಲ್ಲ. ಆದರೆ ಒಂದು ವ್ಯತ್ಯಾಸವಿದೆ. ಹಳಕಟ್ಟಿಯವರು ಮಾರಿದ್ದು ತಮ್ಮ ಮನೆ, ತಮ್ಮ ಕೆಲಸಕ್ಕೆ, ತಮಗೆ ಗೊತ್ತಿದ್ದ ವಿಷಯಕ್ಕೆ. ಇಲ್ಲಿ ಕನಸು ಮಗಳದು, ಹೊಲ ತಂದೆಯದು, ಹ್ಞೂಂ ಎನ್ನಬೇಕಾದವಳು ನಾನು. ಮೂರೂ ಬೇರೆ ಬೇರೆ ಕೈಯಲ್ಲಿದ್ದಾಗ ಯಾರೊಬ್ಬರೂ ಅವಸರ ಮಾಡಬಾರದು.

"ಹದಿನೈದು ದಿವಸ ಕೊಡ್ರಿ ಅಣ್ಣಾರ. ನಾನೂ ನೋಡತೀನಿ, ಆಕಿನೂ ನೋಡಲಿ," ಎಂದೆ.

ಹಳೆಯ ನೋಟುಪುಸ್ತಕ ತೆಗೆದು ಇಬ್ಬರೂ ಪ್ರಶ್ನೆ ಬರೆದೆವು. ಕೊಡುವ ಪದವಿ ಯಾವ ವಿಶ್ವವಿದ್ಯಾಲಯದ್ದು, ಅದು ಯು.ಜಿ.ಸಿ. ಪಟ್ಟಿಯಲ್ಲಿದೆಯೇ? ಕಲಿಸುವವರಲ್ಲಿ ತಾವೇ ಒಂದು ಆಟ ಕಟ್ಟಿ ಮುಗಿಸಿ ಜನರ ಕೈಗೆ ಕೊಟ್ಟವರು ಎಷ್ಟು ಮಂದಿ? ಗಣಿತ ಯಾವ ವರ್ಷ ಕಲಿಸುತ್ತಾರೆ, ಎಷ್ಟು? ಲ್ಯಾಬು ಸಂಜೆ ತೆರೆದಿರುತ್ತದೆಯೇ? ಮೂರನೆಯ ವರ್ಷದ ಮಕ್ಕಳು ಏನು ಮಾಡಿದ್ದಾರೆ, ತೋರಿಸುತ್ತೀರಾ? ಈ ಉದ್ಯೋಗ ಸಿಗದಿದ್ದರೆ ಅದೇ ಪದವಿಯಿಂದ ಬೇರೆ ಕೆಲಸಕ್ಕೆ ಹೋಗಬಹುದೇ? ಕೊನೆಯದನ್ನು ನಾನು ಬರೆಸಿದ್ದು, ಹುಡುಗಿಗೆ ಇಷ್ಟವಾಗಲಿಲ್ಲ.

ಬ್ಯಾಂಕಿಗೂ ಹೋದೆ. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯನ್ನು ಒತ್ತೆಯಾಗಿ ಕೇಳುವಂತಿಲ್ಲ ಎಂಬುದು ಹೊಲ ಒತ್ತಿ ಹಾಕಲು ಹೊರಟಿದ್ದ ಆ ತಂದೆಗೆ ಗೊತ್ತೇ ಇರಲಿಲ್ಲ. ನನಗೂ ಅಂದೇ ಗೊತ್ತಾದದ್ದು. ಸಿಂದಗಿಯಾಚೆ ಗಡಿ ದಾಟಿದರೆ ಕಲಬುರಗಿ ಜಿಲ್ಲೆಯ ಮಕ್ಕಳಿಗೆ 371(ಜೆ) ಮೀಸಲಾತಿ ಇದೆ, ನಮ್ಮ ವಿಜಯಪುರಕ್ಕಿಲ್ಲ. ಹಾಗಾಗಿ ಸಿ.ಇ.ಟಿ. ರ‍್ಯಾಂಕಿನ ಮೇಲೆಯೇ ಸೀಟು ನೋಡಬೇಕಿತ್ತು.

ನಂತರ ನಾವಿಬ್ಬರೂ ಗೋಲಗುಂಬಜ್ ರೈಲು ಹತ್ತಿ ಬೆಂಗಳೂರಿಗೆ, ನನ್ನ ತಂಗಿಯ ಮನೆಗೆ ಹೋದೆವು. ಪುಸ್ತಿಕೆಯ ಆ ಕಾಲೇಜಿನಲ್ಲಿ ಅಡ್ಮಿಶನ್ ಮೇಡಂ ಬಹಳ ನಯವಾಗಿ ಮಾತಾಡಿದರು. ಹಾಸ್ಟೆಲ್ಲಿನ ಊಟ, ಹವಾನಿಯಂತ್ರಿತ ಕೊಠಡಿ, ವಿದೇಶ ಪ್ರವಾಸ ಎಲ್ಲಕ್ಕೂ ಉತ್ತರವಿತ್ತು. ನಮ್ಮ ನೋಟುಪುಸ್ತಕದ ಪ್ರಶ್ನೆಗಳಿಗೆ ಮಾತ್ರ "ಆಮೇಲೆ ಮೇಲ್ ಮಾಡುತ್ತೇವೆ" ಎಂದರು. ಹುಡುಗಿ ನೀರು ಕುಡಿದು ಬರುತ್ತೇನೆಂದು ಹೋದವಳು ಮುಕ್ಕಾಲು ಗಂಟೆ ಬರಲಿಲ್ಲ. ಮೂರನೆಯ ವರ್ಷದ ಮಕ್ಕಳ ಜೊತೆ ಮಾತಾಡುತ್ತ ಕುಳಿತಿದ್ದಳು. ಎರಡು ವರ್ಷದಲ್ಲಿ ಮೂವರು ಅಧ್ಯಾಪಕರು ಬಿಟ್ಟುಹೋಗಿದ್ದರಂತೆ. ಆದರೂ ಒಬ್ಬ ಹುಡುಗ ತಾನೇ ಕಟ್ಟಿದ ಆಟ ತೋರಿಸಿದನಂತೆ. ಅದನ್ನು ಹೇಳುವಾಗ ಅವಳ ಕಣ್ಣು ಹೊಳೆಯುತ್ತಿತ್ತು.

ಅಲ್ಲಿಯ ಕಿರಿಯ ಅಧ್ಯಾಪಕರೊಬ್ಬರು ಗೇಟಿನ ತನಕ ಬಂದು ನಮ್ಮೊಡನೆ ನಿಜ ಮಾತಾಡಿದರು. ಪ್ರೋಗ್ರಾಮಿಂಗ್ ಮಾಡುವವರಿಗೆ ಮೂಲ ವಿದ್ಯೆ ಕಂಪ್ಯೂಟರ್ ಸೈನ್ಸೇ. ಅದು ಕಡಿಮೆ ಫೀಗೆ ಎಲ್ಲಿ ಸಿಕ್ಕರೂ ಓದಬಹುದು. ಆಟ ಕಟ್ಟುವ ಗೊಡೊ, ಅನ್‌ರಿಯಲ್, ಯೂನಿಟಿ ಎಂಬ ಸಲಕರಣೆಗಳು ಕಲಿಯುವವರಿಗೆ ಪುಕ್ಕಟೆ ಸಿಗುತ್ತವೆ. ಕೆಲಸ ಕೊಡುವವರು ಪದವಿಯ ಜೊತೆಗೆ, ನೀನು ಏನು ಕಟ್ಟಿದ್ದೀ ತೋರಿಸು ಎನ್ನುತ್ತಾರೆ. ಬೇಕೆಂದರೆ ಪದವಿಯ ನಂತರ, ಬೆಂಗಳೂರಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಗೇಮ್ ವಿನ್ಯಾಸದ ಸ್ನಾತಕೋತ್ತರ ಶಿಕ್ಷಣವೇ ಇದೆ. ಈ ಉದ್ಯೋಗ ಸುಳ್ಳಲ್ಲ: ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಎಂಬ ಗೇಮ್ ಕಂಪನಿ ಹುಟ್ಟಿತ್ತು, 2019ರಲ್ಲಿ ಅದನ್ನು ಜಗತ್ತಿನ ದೊಡ್ಡ ಕಂಪನಿಯಾದ ರಾಕ್‌ಸ್ಟಾರ್ ಕೊಂಡಿತು, ಅನಿಮೇಶನ್ ಮತ್ತು ಗೇಮಿಂಗ್‌ಗೆಂದೇ ರಾಜ್ಯ ಸರ್ಕಾರ 2012ರಲ್ಲಿ ಒಂದು ನೀತಿ ತಂದಿತು, 2024ರಲ್ಲಿ ಮತ್ತೊಂದು. ಆದರೆ ಭದ್ರವೂ ಅಲ್ಲ: 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಎಂಬ ದೊಡ್ಡ ಕಂಪನಿ ಭಾರತದಲ್ಲಿ ಬಾಗಿಲು ಹಾಕಿದಾಗ ಸಾವಿರಾರು ಜನ ಒಮ್ಮೆಲೇ ಬೀದಿಗೆ ಬಂದರು. ಆ ತರುಣ ಇಷ್ಟನ್ನೂ ಬಚ್ಚಿಡದೆ ಹೇಳಿದ. ದಾರಿ ತೋರುವುದೆಂದರೆ ಇದೇ ಏನೋ ಎನ್ನಿಸಿತು. ಅವನು ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ದಾರಿಯ ಮೇಲಿನ ಕಲ್ಲು ಮುಳ್ಳು, ನೆರಳು ನೀರು ಎಲ್ಲವನ್ನೂ ಹೇಳಿದ.

ಊರಿಗೆ ಬಂದು ಅದೇ ಕಟ್ಟೆಯ ಮೇಲೆ ನೋಟುಪುಸ್ತಕ ಬಿಚ್ಚಿ ಒಂದೊಂದಾಗಿ ಓದಿದೆ. ಕಂಡದ್ದು, ಕೇಳಿದ್ದು, ಉತ್ತರ ಸಿಗದ್ದು. ತಂದೆ ಮತ್ತೆ, "ಕಡೀಕ ನೀವ ಏನ ಅಂತೀರಿ?" ಎಂದರು. ನಾನು ಹುಡುಗಿಯ ಕಡೆ ನೋಡಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ವಿಜಯಪುರದಾಗ ಕಂಪ್ಯೂಟರ್ ಸೈನ್ಸ್ ಸಿಕ್ಕರ ಅಲ್ಲೇ ಓದತೀನಪ್ಪಾ. ಹೊಲ ಒತ್ತಿ ಬ್ಯಾಡ. ಆದ್ರ ನನಗೊಂದು ಲ್ಯಾಪ್‌ಟಾಪ್ ಬೇಕು," ಎಂದಳು. ಹೇಳುವಾಗ ಧ್ವನಿ ನಡುಗಿತು.

ಸೀಟು ಸಿಕ್ಕಿತು. ಹಳೆಯದೊಂದು ಲ್ಯಾಪ್‌ಟಾಪೂ ಬಂತು. ಇದನ್ನು ಸುಖಾಂತ ಎಂದು ಬರೆಯಲು ನನಗೆ ಧೈರ್ಯವಿಲ್ಲ. ಬೆಂಗಳೂರಿನ ಆ ಹುಡುಗನ ಆಟ ನೋಡಿ ಹೊಳೆದ ಕಣ್ಣು ನನಗೆ ನೆನಪಾಗುತ್ತದೆ. ಸಮಾನ ಹುಚ್ಚಿನ ಗೆಳೆಯರು ನಮ್ಮ ಕಡೆ ಎಷ್ಟು ಸಿಕ್ಕಾರು? ಅವಳು ತಾನೇ ಆರಿಸಿಕೊಂಡಳೋ, ನಾನು ಬರೆಸಿದ ಆ ಕೊನೆಯ ಪ್ರಶ್ನೆಯೇ ಅವಳ ಪರವಾಗಿ ಆರಿಸಿತೋ? ಹಳೆಯ ಪಾಟಲಿಯ ಭಯ ನನ್ನ ಬಾಯಿಂದ ಮಾತಾಡಿರಬಹುದು. ಸಲಹೆ ಕೊಡುವವರ ಭಯವೂ ಸಲಹೆಯೊಳಗೆ ಸೇರಿಕೊಳ್ಳುತ್ತದೆ. ಅದಕ್ಕೇ ಆ ಭಯದ ಕಥೆಯನ್ನೂ ಅಂದು ಅವಳಿಗೆ ಹೇಳಿಬಿಟ್ಟೆ. ತೂಗಿ ನೋಡಲು ಅದೂ ಅವಳಿಗೆ ಬೇಕಲ್ಲವೇ?

ನಂಬಿ ಕೇಳಿದವರಿಗೆ ನಾವು ಕೊಡಬೇಕಾದದ್ದು ತೀರ್ಪಲ್ಲ, ದುಡಿಮೆ ಎಂದು ಈಗ ನನಗನ್ನಿಸುತ್ತದೆ. ಅವರ ಜೊತೆ ನಡೆಯುವುದು, ಕೇಳುವುದು, ಕಂಡಷ್ಟನ್ನೇ ಹೇಳುವುದು. ಮತ್ತು ಆಮೇಲೆಯೂ ಜೊತೆಗಿರುವುದು. ಬಾಗೇವಾಡಿಯ ಆ ಹುಡುಗನ ವಿಷಯದಲ್ಲಿ ನಾನು ಇದೊಂದನ್ನೂ ಮಾಡಲಿಲ್ಲ.

ಮೊನ್ನೆ ಸಂಕ್ರಮಣಕ್ಕೆ ಹುಡುಗಿ ಮನೆಗೆ ಬಂದಿದ್ದಳು. ಹುಲಿ-ಕುರಿ ಆಟವನ್ನು ಕಂಪ್ಯೂಟರಿನಲ್ಲಿ ಕಟ್ಟಿದ್ದಳು. ನಾವು ಚಿಕ್ಕವರಿದ್ದಾಗ ಬಂಡೆಯ ಮೇಲೆ ಇದ್ದಿಲಿನಲ್ಲಿ ಗೆರೆ ಕೊರೆದು ಆಡುತ್ತಿದ್ದ ಅದೇ ಆಟ. ಮೂರು ಹುಲಿ, ಹದಿನೈದು ಕುರಿ. ಹುಲಿಯ ಪರವಾಗಿ ಯಂತ್ರ ಆಡುತ್ತದೆ, ಕುರಿಯ ಪರವಾಗಿ ನಾವು. ತಾಯಿ ಮೊದಲು ಒಲ್ಲೆನೆಂದಳು, ಆಮೇಲೆ ಕೂತಳು. ಎರಡು ಸಲ ಸೋತು ಮೂರನೆಯ ಸಲ ಮೂರೂ ಹುಲಿಗಳನ್ನು ಕಟ್ಟಿಹಾಕಿ, ಸೆರಗು ಬಾಯಿಗೆ ಹಿಡಿದು ನಕ್ಕಳು. ನಗೆಯ ಮಾರಿತಂದೆಯ ನೆನಪಾಯಿತು.

ಹೊರಡುವಾಗ ತಂದೆ ಚಪ್ಪಲಿ ಮೆಟ್ಟುತ್ತ ಕೇಳಿದರು, "ನೌಕರಿ ಸಿಗತದಲ್ರಿ ಅಕ್ಕೋರ?"

"ಗೊತ್ತಿಲ್ಲ ಅಣ್ಣಾರ," ಎಂದೆ. "ಆದರ ಮುಂದಿನ ವರ್ಷನೂ ಆಕಿ ಜೊತಿ ಕೇಳಾಕ ಬರತೀನಿ."

ಆ ನೋಟುಪುಸ್ತಕದಲ್ಲಿ ಇನ್ನೂ ಬಹಳ ಹಾಳೆಗಳು ಖಾಲಿ ಇವೆ.